ಐದನೇ ಕಂಬ ಬಂದ್ರೆ ಕಿವಿ ಬಿಡುತ್ತೆ

ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಹನ್ನೊಂದು ಸಲ ಬೆಟ್ಟ ಹತ್ತಿ ಹನ್ನೊಂದು ಸಲ ಇಳಿದಿದಾನೆ ಈ ಆಸಾಮಿ, ಅದೂ ಒಂದೇ ಒಂದು ಹೆಜ್ಜೆ ನಡೀದೆ. ರೋಪ್‌ವೇಲಿ ಒಂದನೇ ನಂಬರ್ ಕ್ಯಾಬಿನ್ ಆಪರೇಟರ್ ಅಂದ್ರೆ ಅಷ್ಟೇ ಮತ್ತೆ ಕೆಲಸ. ಜನ ಹತ್ತಿದ ಮೇಲೆ ಬಾಗಿಲು ಎಳಿ, ಚಿಲಕ ಎರಡು ಸಲ ಅಲ್ಲಾಡಿಸಿ ನೋಡು, ಗೋಡೆ ಫೋನ್ ಎತ್ತಿ "ಒಂದು ಹೊರಟಿತು" ಅನ್ನು, ಆಮೇಲೆ ಹನ್ನೊಂದು ನಿಮಿಷ ನಿಂತ್ಕೋ. ಕ್ಯಾಬಿನ್ನಿಗೆ ಜನ ಡಬ್ಬಿ ಅಂತಿದ್ರು, ಅದಕ್ಕೆ ಇವನು ಡಬ್ಬಿಯಣ್ಣ. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿತ್ತು, ಆದ್ರೆ ಆ ಹೆಸರು ಹಿಡಿದು ಕೂಗಿದ್ರೆ ಅವನೇ ತಿರುಗಿ ನೋಡ್ತಾನೋ ಇಲ್ವೋ ಅನುಮಾನ.

ಊರು ಎರಡು ತುಂಡಾಗಿತ್ತು. ಕೆಳಗೆ ಅಂಗಡಿ ಬೀದಿ, ರೈಲ್ವೆ ಸ್ಟೇಷನ್ನು, ಹೆಚ್ಚಿನ ಮನೆಗಳು. ಒಂಬೈನೂರು ಮೀಟರ್ ಮೇಲೆ ಸ್ಕೂಲು, ಆಸ್ಪತ್ರೆ, ಕನ್ನಡಕದ ಗಾಜು ಉಜ್ಜೋ ಒಂದು ಕಾರ್ಖಾನೆ. ರಸ್ತೆ ಇರಲಿಲ್ಲ ಅಂತಲ್ಲ, ಬಸ್ಸಲ್ಲಿ ಸುತ್ತಿ ಸುತ್ತಿ ಹೋಗೋಕೆ ಒಂದೂವರೆ ಗಂಟೆ, ಇಳಿಯೋ ಹೊತ್ತಿಗೆ ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ. ಅದಕ್ಕೇ ಎಲ್ಲರೂ ಡಬ್ಬಿ ಹತ್ತೋದು. ಮಧ್ಯೆ ಐದು ಕಂಬ. ಕಂಬ ಅಂದ್ರೆ ಕಬ್ಬಿಣದ ಗೋಪುರ ಅಂದ್ಕೊಳ್ಳಿ, ತುದಿಯಲ್ಲಿ ರಾಟೆಗಳ ಸಾಲು, ರಾಟೆ ಮೇಲೆ ಉಕ್ಕಿನ ಹಗ್ಗ. ಒಂದೇ ಹಗ್ಗದ ಎರಡು ತುದಿಗೆ ಎರಡು ಡಬ್ಬಿ. ಒಂದು ಮೇಲೆ ಹೋದ್ರೆ ಇನ್ನೊಂದು ಕೆಳಗೆ ಬರಲೇಬೇಕು, ಬಾವಿಗೆ ಎರಡು ಕೊಡ ಇಳಿಬಿಟ್ಟ ಹಾಗೆ.

ಎರಡನೇ ಡಬ್ಬಿಯಲ್ಲಿ ಆಪರೇಟರ್ ಒಬ್ಬಾಕೆ. ಒಂಬತ್ತು ವರ್ಷ ಆಗಿತ್ತು ಅವಳು ಬಂದು. ತಮಾಷೆ ಇರೋದು ಇಲ್ಲೇ ನೋಡಿ: ಇವನು ಮೇಲಿದ್ರೆ ಅವಳು ಕೆಳಗೆ, ಇವನು ಕೆಳಗಿದ್ರೆ ಅವಳು ಮೇಲೆ. ಅವಳ ಮನೆ ಮೇಲೆ, ಬೆಳಗ್ಗೆ ಅಲ್ಲಿಂದ ಶುರು, ಸಂಜೆ ಅಲ್ಲೇ ಮುಗಿಯೋದು. ಇವನದು ಕೆಳಗೆ. ವಾರದ ರಜಾನೂ ಬೇರೆ ಬೇರೆ ದಿನ. ಒಂಬತ್ತು ವರ್ಷದಲ್ಲಿ ಇಬ್ಬರೂ ಒಂದೇ ನೆಲದ ಮೇಲೆ ನಿಂತಿದ್ದು ಎರಡೇ ಸಲ, ಎರಡೂ ಸಲ ಬೆಂಕಿ ಆರಿಸೋ ತರಬೇತಿ, ಎರಡೂ ಸಲ ಕಣ್ಣು ಮೂಗಿಗೆಲ್ಲ ನೊರೆ. ಅದು ಬಿಟ್ರೆ ಮೂರನೇ ಕಂಬದ ಹತ್ತಿರ, ಸರಿಯಾಗಿ ಐದೂವರೆ ನಿಮಿಷಕ್ಕೆ, ಎರಡು ಡಬ್ಬಿನೂ ಪಕ್ಕಪಕ್ಕ ಹಾದು ಹೋಗೋವಾಗ ಎರಡು ಸೆಕೆಂಡು. ಅವಳು ಕೈ ಎತ್ತೋಳು, ಇವನೂ ಎತ್ತೋನು. ದಿನಕ್ಕೆ ನಲವತ್ತನಾಲ್ಕು ಸೆಕೆಂಡು ಪರಿಚಯ. ಫೋನಲ್ಲಿ ಅವಳು "ಎರಡು ಹೊರಟಿತು" ಅನ್ನೋ ದನಿ ಅವನಿಗೆ ಎಷ್ಟು ಬಾಯಿಪಾಠ ಅಂದ್ರೆ, ಅವಳಿಗೆ ನೆಗಡಿ ಆಗಿದ್ಯೋ, ನಿದ್ದೆ ಕೆಟ್ಟಿದ್ಯೋ, ಎರಡೇ ಪದದಲ್ಲಿ ಗೊತ್ತಾಗಿಬಿಡೋದು.

ಮದುವೆ ಅನ್ನೋದು ಅವನಿಗೆ ಆಗಲಿಲ್ಲ. ಯಾಕೆ ಅಂದ್ರೆ, ಆಗಲಿಲ್ಲ, ಅಷ್ಟೇ. ಅಕ್ಕ ಒಬ್ಬಳು ದೂರದ ಊರಲ್ಲಿದ್ದಳು, ಭಾನುವಾರ ಫೋನ್ ಮಾಡೋಳು. ಕೆಳಗಿನ ಸ್ಟೇಷನ್ ಹಿಂದೆ ಡಿಪಾರ್ಟ್‌ಮೆಂಟು ಕೊಟ್ಟ ಒಂದು ರೂಮು. ಒಂದು ಮಂಚ, ಒಂದು ಒಲೆ, ಕುರ್ಚಿ ಒಂದೇ ಒಂದು, ಯಾಕಂದ್ರೆ ಎರಡನೆಯದರ ಮೇಲೆ ಬಟ್ಟೆ ರಾಶಿ ಬೀಳುತ್ತೆ ಅಂತ ಅವನೇ ವಾಪಸ್ ಕೊಟ್ಟಿದ್ದ. ಅವನ ಮಾತುಕತೆ ಎಲ್ಲ ಡಬ್ಬಿಯಲ್ಲೇ, ಹನ್ನೊಂದು ನಿಮಿಷದ ತುಂಡು ತುಂಡು. ಯಾರ ಮಗಳಿಗೆ ಹಲ್ಲು ಬಂತು, ಯಾರ ಮಾವನಿಗೆ ಆಪರೇಷನ್ನು, ಎಲ್ಲ ಗೊತ್ತು. ಆದ್ರೆ ಬಾಗಿಲು ತೆಗೆದ ತಕ್ಷಣ ಮಾತು ಅರ್ಧಕ್ಕೇ ಇಳಿದು ಹೋಗಿಬಿಡೋದು. ಅಂಥ ಅರ್ಧ ಕತೆಗಳು ಅವನ ಹತ್ತಿರ ಎಷ್ಟಿದ್ವೋ.

ಹೀಗಿರೋವಾಗ ಹೋದ ವರ್ಷ ಒಂದು ನೆಗಡಿ ಬಂತು. ಮೂಗು ಕಟ್ಟಿದೆ ಅಂತ ಕರ್ಚೀಫು ಹಿಡಿದು ಹಿಂಡಿದ, ಹಿಂಡಿದ, ಎಡಗಿವಿಯೊಳಗೆ ಏನೋ "ಪಟ್" ಅಂತು. ವಾರಕ್ಕೆ ನೆಗಡಿ ಹೋಯ್ತು. ಕಿವಿಯಲ್ಲಿ ಸದ್ದು ಉಳ್ಕೊಂಡ್ತು. "ಕೀ..." ಅಂತ ಒಂದೇ ಸಮ, ಸಣ್ಣಗೆ, ಚೂಪಗೆ, ಪಕ್ಕದ ರೂಮಲ್ಲಿ ಯಾರೋ ಪೀಪಿ ಊದಿ ನಿಲ್ಲಿಸೋದು ಮರೆತ ಹಾಗೆ. ಡಬ್ಬಿಯಲ್ಲಿ ಜನರ ಗಲಾಟೆ ಇದ್ದಾಗ ಪರವಾಗಿಲ್ಲ. ಸಂಜೆ ರೂಮಿಗೆ ಬಂದು ಬಾಗಿಲು ಹಾಕ್ಕೊಂಡ ಅಂದ್ರೆ ಮುಗೀತು, ಅದೂ ಅವನೂ ಇಬ್ಬರೇ. ಮನೆಯಲ್ಲಿ ಯಾರೂ ಇಲ್ಲ ಅಂತ ಅದುವರೆಗೂ ಅವನಿಗೆ ಅಷ್ಟಾಗಿ ಅನ್ಸಿರಲಿಲ್ಲ. ಈಗ ಒಬ್ಬರು ಇದ್ದಾರೆ, ಆದ್ರೆ ಮಾತಾಡಲ್ಲ, ಬರೀ ಕೀ ಅಂತಾರೆ.

"ಏನೋ, ತಿಂದ್ಯಾ?" ಅಂದಳು ಅಕ್ಕ ಭಾನುವಾರ.

"ತಿಂದೆ ಅಕ್ಕಾ."

"ಏನು ಟೀವಿ ಇಷ್ಟು ಜೋರಾಗಿ ಹಾಕ್ಕೊಂಡಿದೀಯಾ? ನನ್ನ ಮಾತು ನಿಂಗೆ ಕೇಳುತ್ತಾ ಇಲ್ವಾ?"

"ಸುಮ್ನೆ, ಅಭ್ಯಾಸ" ಅಂದ. ಕಿವಿ ವಿಷಯ ಹೇಳಲಿಲ್ಲ. ಹೇಳಿದ್ರೆ ಅವಳು ಮಾರನೇ ದಿನ ಸ್ಟೇಷನ್ನಿಗೇ ಫೋನ್ ಮಾಡಿ ಸೂಪರ್‌ವೈಸರ್ ಹತ್ತಿರ ಅಳೋ ಪೈಕಿ. ಹಾಗಾದ್ರೆ ಕೆಲಸ ಕೆಟ್ಟಿತು.

ಯಾಕಂದ್ರೆ ನಿಯಮ ಒಂದಿತ್ತು. ದಿನಾ ಬೆಳಗ್ಗೆ ಆಪರೇಟರ್ ರಿಜಿಸ್ಟರಿನಲ್ಲಿ "ಕಣ್ಣು ಸರಿ, ಕಿವಿ ಸರಿ, ಕುಡಿದಿಲ್ಲ" ಅಂತ ಬರ್ದಿರೋ ಕಡೆ ಸೈನ್ ಹಾಕಬೇಕು. ಹಗ್ಗದಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಕಣ್ಣಿಗೆ ಕಾಣೋಕೆ ಮುಂಚೆ ಕಿವಿಗೆ ಗೊತ್ತಾಗುತ್ತೆ, ಹಾಗಾಗಿ ಕಿವಿ ತೊಂದರೆ ಇರೋನು ಡಬ್ಬಿ ಹತ್ತೋ ಹಾಗಿಲ್ಲ. ಇವನು ಹದಿನಾಲ್ಕು ತಿಂಗಳು ದಿನಾ ಸೈನ್ ಹಾಕಿದ. ಕಣ್ಣು ಸರಿ ಇತ್ತು, ಕುಡಿದೂ ಇರಲಿಲ್ಲ, ಮೂರರಲ್ಲಿ ಎರಡು ನಿಜ ತಾನೇ ಅಂತ ಸಮಾಧಾನ ಮಾಡ್ಕೊಂಡು.

ಡಬ್ಬಿ ಬಿಡೋಕೆ ಅವನಿಗೆ ಆಗ್ತಿರಲಿಲ್ಲ. ಆ ಕೈ ಎತ್ತೋದು ಒಂದು. ಇನ್ನೊಂದು, ಐದನೇ ಕಂಬ.

ಆ ಗುಟ್ಟು ಅವನಿಗೆ ಸಿಕ್ಕಿದ್ದು ನೆಗಡಿ ಹೋದ ಎರಡನೇ ವಾರ. ಡಬ್ಬಿ ಮೇಲೆ ಹೋಗ್ತಾ ಹೋಗ್ತಾ ಕಿವಿಯೊಳಗೆ ಒತ್ತಡ ಕಟ್ಕೊಂಡು, ಕಟ್ಕೊಂಡು, ಐದನೇ ಕಂಬ ಬರೋ ಹೊತ್ತಿಗೆ "ಟುಕ್" ಅಂತ ಬಿಟ್ಟುಬಿಡೋದು. ಬಿಟ್ಟ ತಕ್ಷಣ ಆ ಕೀ ಮಾಯ! ಪೂರ್ತಿ ಮಾಯ! ಯಾರೋ ಕಿವಿಯಿಂದ ಸೂಜಿ ಹೊರಗೆ ಎಳೆದ ಹಾಗೆ. ಅಲ್ಲಿಂದ ಮೇಲಿನ ಸ್ಟೇಷನ್ನಿಗೆ ಒಂದೂವರೆ ನಿಮಿಷ. ಗಾಜಿನ ಆಚೆ ಗಾಳಿ ತೀಡೋದು ಕೇಳಿಸೋದು, ಯಾರದೋ ಚೀಲದಲ್ಲಿ ಕಾಗದ ಸರಪರ ಅನ್ನೋದು ಕೇಳಿಸೋದು, ಅದೆಲ್ಲದರ ಹಿಂದೆ ಏನೂ ಇಲ್ಲದ ಜಾಗ ಒಂದು ಕೇಳಿಸೋದು. ಸ್ಟೇಷನ್ ಬಂತು ಅಂದ್ರೆ ಮೋಟರ್ ರೂಮಿನ ಗದ್ದಲ, ಆಮೇಲೆ ಇಳಿಯೋವಾಗ ಇನ್ನೊಂದು ಸ್ವಲ್ಪ ಹೊತ್ತು. ನಾಲ್ಕನೇ ಕಂಬ ದಾಟಿದ್ರೆ ಕಿವಿ ಮತ್ತೆ ಗಪ್ ಅಂತ ಮುಚ್ಕೊಳ್ಳೋದು, ಕೀ ಶುರು, ಅದೂ ಹತ್ತೋವಾಗಿನದಕ್ಕಿಂತ ಜೋರು. ಮೂರನೇ ಕಂಬದ ಹೊತ್ತಿಗೆ ತಡ್ಕೊಳ್ಳೋಕೆ ಆಗದೆ ಮೂಗು ಹಿಡ್ಕೊಂಡು ಬಾಯಿ ಮುಚ್ಚಿ ಉಫ್ ಅಂತ ಒಳಗೇ ಊದೋನು. ಒಂದೊಂದು ಸಲ ಬಿಡೋದು, ಬಹಳ ಸಲ ಬಿಡ್ತಿರಲಿಲ್ಲ.

ಆದ್ರೂ ದಿನಕ್ಕೆ ಹನ್ನೊಂದು ಸಲ ಒಂದೂವರೆ ನಿಮಿಷ. ಒಬ್ಬ ಮನುಷ್ಯ ಅಷ್ಟರಲ್ಲಿ ಬದುಕಬಹುದು. ಬದುಕಿದ.

ಆಮೇಲೆ ಒಂದು ದಿನ ಅದೂ ಹೋಯ್ತು. ಐದನೇ ಕಂಬ ಬಂತು, ಕಿವಿ ಟುಕ್ ಅಂತು, ಕೀ ಮಾತ್ರ ನಿಲ್ಲಲಿಲ್ಲ. ಸ್ವಲ್ಪ ಕಮ್ಮಿ ಆಯ್ತೇನೋ, ಅಷ್ಟೇ. ಇವತ್ತು ಸರಿಯಿಲ್ಲ, ನಾಳೆ ಹೋಗುತ್ತೆ ಅಂದ್ಕೊಂಡ. ನಾಳೆ ಇನ್ನೂ ಜೋರಾಯ್ತು. ಕಾಯಿಲೆ ಹೆಚ್ಚಾಗಿದೆ, ಅಲ್ಲಿಗೂ ಹತ್ತಿದೆ, ಇನ್ನು ನನಗೆ ನಿಶ್ಶಬ್ದ ಅನ್ನೋದು ಈ ಜನ್ಮಕ್ಕಿಲ್ಲ ಅಂತ ಅವನು ತೀರ್ಮಾನ ಮಾಡ್ಕೊಂಡ.

ಅದೇ ವಾರ ಬೆಳಗಿನ ಡಬ್ಬಿಯಲ್ಲಿ ಸ್ಕೂಲಿನ ಟೀಚರಮ್ಮ ಇದ್ದರು. ಐದನೇ ಕಂಬ ದಾಟ್ತಿದ್ದ ಹಾಗೇ ಪುಸ್ತಕದಿಂದ ತಲೆ ಎತ್ತಿದರು.

"ಏನೋ ಕೀ ಅಂತಿದೆಯಲ್ಲ ಡಬ್ಬಿಯಣ್ಣ. ಕೇಳಿಸ್ತಾ?"

ಒಂದು ಕ್ಷಣ ಅವನಿಗೆ ಅನ್ಸಿದ್ದು ಏನು ಗೊತ್ತಾ? ನನ್ನ ಕಿವಿಯಿಂದ ಸದ್ದು ಹೊರಗೆ ಸೋರ್ತಿದೆ, ಇವರಿಗೂ ಗೊತ್ತಾಗಿಬಿಟ್ಟಿದೆ! ಹದಿನಾಲ್ಕು ತಿಂಗಳಿಂದ ಮುಚ್ಚಿಟ್ಟವನ ಬಾಯಿಂದ ಉತ್ತರ ತಾನಾಗೇ ಬಂತು.

"ಗಾಳಿ ಬಿಡಿ ಟೀಚರ್."

"ಗಾಳಿ ಕೀ ಅನ್ನುತ್ತಾ?"

ಗಾಜಿನ ಕಾರ್ಖಾನೆ ಫೋರ್‌ಮನ್ ಮಧ್ಯೆ ಬಾಯಿ ಹಾಕಿದ. "ನಿಮ್ಮ ಕಿವಿಗೆ ಮಕ್ಕಳ ಕಿರುಚಾಟ ಅಂಟ್ಕೊಂಡಿದೆ ಟೀಚರ್. ರಜೆ ತಗೊಂಡ್ರೆ ಹೋಗುತ್ತೆ."

"ನಿಮ್ಮ ಮಗನೇ ಅದರಲ್ಲಿ ಮುಕ್ಕಾಲು ಪಾಲು ಕಿರುಚೋದು" ಅಂದರು ಟೀಚರಮ್ಮ. ಡಬ್ಬಿ ತುಂಬಾ ನಗು. ಇವನೂ ನಕ್ಕ.

ಕಷ್ಟ ಒಂಟಿಯಾಗಿ ಬರಲಿಲ್ಲ. ಆ ವಾರ ಕಿವಿ ಕಾಟ ಎಷ್ಟಾಗಿತ್ತು ಅಂದ್ರೆ ಇಳಿಯೋವಾಗೆಲ್ಲ, ಹತ್ತೋವಾಗಲೂ, ಮೂರನೇ ಕಂಬದ ಹತ್ತಿರ ಕಣ್ಣು ಮುಚ್ಚಿ ಮೂಗು ಹಿಡ್ಕೊಂಡು ಊದ್ತಾನೇ ಇದ್ದ. ಒಂದು ದಿನ ಕಣ್ಣು ಬಿಟ್ಟು ನೋಡ್ತಾನೆ, ಎರಡನೇ ಡಬ್ಬಿ ಹಾದು ಹೋಗ್ತಿದೆ, ಅವಳು ಆ ಕಡೆ ಮುಖ ಮಾಡ್ಕೊಂಡು ನಿಂತಿದಾಳೆ. ಮುಂದಿನ ಸಲ ಇವನು ಕೈ ಎತ್ತಿದ. ಅವಳು ಎತ್ತಲಿಲ್ಲ. ಅದರ ಮುಂದಿನ ಸಲವೂ ಇಲ್ಲ. ಫೋನಲ್ಲಿ "ಎರಡು ಹೊರಟಿತು" ಬಂತು, ಚಾಕುವಲ್ಲಿ ಕತ್ತರಿಸಿದ ಹಾಗೆ. ನೆಗಡಿ ಅಲ್ಲ, ನಿದ್ದೆ ಅಲ್ಲ, ಈ ದನಿ ಅವನಿಗೆ ಗೊತ್ತಿರಲಿಲ್ಲ. ಏನು ತಪ್ಪಾಯ್ತು ಅಂತ ಕೇಳೋಣ ಅಂದ್ರೆ ಆ ಫೋನು ಎತ್ತಿದ್ರೆ ಎಲ್ಲರಿಗೂ ಕೇಳಿಸೋದು: ಮೇಲಿನ ಸ್ಟೇಷನ್ನು, ಕೆಳಗಿನ ಆಫೀಸು, ಎರಡು ಡಬ್ಬಿ, ಎಲ್ಲ ಒಂದೇ ಲೈನು. ಅದರಲ್ಲಿ "ನನ್ನ ಮೇಲೆ ಕೋಪಾನಾ?" ಅಂತ ಹೇಗೆ ಕೇಳೋದು?

ನಿಶ್ಶಬ್ದವೂ ಇಲ್ಲ, ಕೈಯೂ ಇಲ್ಲ. ಹೀಗೇ ಮೂರು ವಾರ ಕಳೆದ ಮೇಲೆ ಒಂದು ರಜಾ ದಿನ ಅವನು ಡಾಕ್ಟರ ಹತ್ತಿರ ಹೋದ. ಮೇಲಿನ ಆಸ್ಪತ್ರೆಗೆ ಹೋದ್ರೆ ನರ್ಸಿನಿಂದ ಹಿಡಿದು ಕಸ ಗುಡಿಸೋರ ತನಕ ಎಲ್ಲ ಅವನ ಡಬ್ಬಿ ಗಿರಾಕಿಗಳೇ, ಹಾಗಾಗಿ ಅಂಗಡಿ ಬೀದಿ ಕೊನೆಯ ಕಿವಿ-ಮೂಗು-ಗಂಟಲಿನ ಡಾಕ್ಟರು. ವಯಸ್ಸಾದ ಹೆಂಗಸು, ಹಣೆಗೆ ಕನ್ನಡಿ ಕಟ್ಕೊಂಡಿದ್ದರು.

"ಪರದೆ ಹಿಂದೆ ಒಂದು ಪುಟ್ಟ ಕೋಣೆ ಇದೆ" ಅಂದರು ಕಿವಿ ನೋಡ್ತಾ. "ಅಲ್ಲಿಂದ ಮೂಗಿನ ಹಿಂದಕ್ಕೆ ಸಣ್ಣ ನಳಿಕೆ. ನುಂಗಿದಾಗ, ಆಕಳಿಸಿದಾಗ ಅದು ಬಾಯಿ ಬಿಟ್ಟು ಒಳಗಿನ ಗಾಳಿ ಹೊರಗಿನ ಗಾಳಿ ಸಮ ಮಾಡುತ್ತೆ. ನಿಮ್ಮದು ನೆಗಡಿಯಾದಾಗಿಂದ ಸರಿಯಾಗಿ ಬಾಯಿ ಬಿಡ್ತಿಲ್ಲ. ಒತ್ತಡಕ್ಕೆ ಪರದೆ ಬಿಗಿದ್ಕೊಳ್ಳುತ್ತೆ, ಹೊರಗಿನ ಸದ್ದು ಮಂಕಾಗುತ್ತೆ, ಒಳಗಿನ ಕೀ ಎದ್ದು ಕೂತ್ಕೊಳ್ಳುತ್ತೆ. ಕೆಲಸ ಏನು ನಿಮ್ದು?"

ಅವನು ತಡವರಿಸಿದ. "ಮೇಲೆ ಕೆಳಗೆ ಓಡಾಡೋ ಕೆಲಸ ಡಾಕ್ಟ್ರಮ್ಮ. ಬೆಟ್ಟಕ್ಕೆ."

"ಹತ್ತೋವಾಗ ಪರವಾಗಿಲ್ಲ, ಇಳಿಯೋವಾಗ ಕಷ್ಟ, ಅಲ್ವಾ? ಹತ್ತೋವಾಗ ಹೊರಗೆ ಗಾಳಿ ಒತ್ತಡ ಕಮ್ಮಿ ಆಗುತ್ತೆ, ಒಳಗಿಂದು ತಾನೇ ತಳ್ಕೊಂಡು ಆಚೆ ಬರುತ್ತೆ. ಇಳಿಯೋವಾಗ ಹೊರಗಿಂದು ಒತ್ತುತ್ತೆ, ನಳಿಕೆ ಅಂಟ್ಕೊಂಡುಬಿಡುತ್ತೆ. ಮೂಗು ಹಿಡಿದು ಊದ್ತೀರಾ?"

"ಹೂಂ."

"ಮೆತ್ತಗೋ, ಜೋರಾಗೋ?"

"ಲಾರಿ ಟ್ಯೂಬಿಗೆ ಗಾಳಿ ಹೊಡೆಯೋ ಹಾಗೆ."

"ದೇವರೇ! ಇವತ್ತಿಗೆ ನಿಲ್ಲಿಸಿ. ಇದ್ದದ್ದನ್ನೂ ಕೆಡಿಸ್ಕೊಳ್ತೀರಾ. ಇಳಿಯೋಕೆ ಶುರುವಾದಾಗಿಂದಲೇ ಎಂಜಲು ನುಂಗ್ತಾ ಇರಿ, ಆಕಳಿಸಿ, ಅಷ್ಟು ಸಾಕು."

"ಅಲ್ಲ ಡಾಕ್ಟ್ರಮ್ಮ, ಮುಂಚೆ ಮೇಲೆ ಹೋದ್ರೆ ಪೂರ್ತಿ ನಿಂತು ಹೋಗ್ತಿತ್ತು. ಈಗ ಕಿವಿ ಬಿಟ್ಟರೂ ನಿಲ್ಲಲ್ಲ."

ಅವರು ಕನ್ನಡಿ ಮೇಲೆ ಸರಿಸಿದರು. "ಎರಡೂ ಕಿವಿಗೆ ಬೆರಳಿಡಿ. ಸದ್ದು ಜೋರಾಯ್ತಾ?"

"ಆಯ್ತು."

"ಒಳಗಿನ ಸದ್ದು ಹಾಗೇ. ಕಿವಿ ಮುಚ್ಚಿದ್ರೆ ಹೊರಗಿನ ಗಲಾಟೆ ಹೋಗುತ್ತೆ, ಅದೊಂದೇ ಉಳಿಯುತ್ತೆ. ಹೊರಗಿನ ಸದ್ದಾದ್ರೆ ಮುಚ್ಚಿದ್ರೆ ಕಮ್ಮಿ ಆಗಬೇಕು. ನಿಮ್ದು ಒಳಗಿಂದೇ. ನಳಿಕೆಗೆ ಔಷಧಿ ಬರ್ಕೊಡ್ತೀನಿ. ಸದ್ದು ಪೂರ್ತಿ ಹೋಗುತ್ತೆ ಅಂತ ಮಾತ್ರ ಹೇಳಲ್ಲ, ಕೆಲವರಿಗೆ ಕಮ್ಮಿ ಆಗುತ್ತೆ, ಕೆಲವರಿಗೆ ಅಭ್ಯಾಸ ಆಗುತ್ತೆ. ಮನೆಯಲ್ಲಿ ಯಾರಿದ್ದಾರೆ? ಅವರಿಗೂ ಹೇಳಿ, ಎಡಗಡೆಯಿಂದ ಮಾತಾಡಿಸಬೇಡಿ ಅಂತ."

"ಹೇಳ್ತೀನಿ" ಅಂದ ಅವನು.

ಮಾರನೇ ದಿನ ಮೊದಲನೇ ಟ್ರಿಪ್ಪು. ಐದನೇ ಕಂಬ. ಕಿವಿ ಟುಕ್. ಕೀ ಹಾಗೇ ಇದೆ. ಸುಮ್ನೆ ನೋಡೋಣ ಅಂತ ಎರಡೂ ಕಿವಿಗೆ ಬೆರಳಿಟ್ಟ.

ನಿಂತು ಹೋಯ್ತು!

ಬೆರಳು ತೆಗೆದ, ಕೀ. ಇಟ್ಟ, ಇಲ್ಲ. ತೆಗೆದ, ಕೀ. ಇಟ್ಟ, ಏನೂ ಇಲ್ಲ, ಆ ಹಳೇ ಏನೂ ಇಲ್ಲದ ಜಾಗ, ಹದಿನಾಲ್ಕು ತಿಂಗಳಿಂದ ಅವನು ನಂಬ್ಕೊಂಡು ಬದುಕಿದ್ದ ಜಾಗ, ಅಲ್ಲೇ ಇದೆ, ಎಲ್ಲೂ ಹೋಗಿಲ್ಲ! ಅವನಿಗೆ ನಗು ಬಂತು, ಕಣ್ಣಲ್ಲಿ ನೀರು ಬಂತು. ಕಿವಿಗೆ ಬೆರಳಿಟ್ಟು ಹಲ್ಲು ಕಿರಿತಾ ನಿಂತಿರೋ ಆಪರೇಟರನ್ನ ನೋಡಿ ಒಬ್ಬ ಅಜ್ಜಿ ತನ್ನ ಚೀಲ ಹತ್ತಿರಕ್ಕೆ ಎಳ್ಕೊಂಡಳು.

ಸ್ಟೇಷನ್ ಬರೋ ಹೊತ್ತಿಗೆ ನಗು ಆರಿತು. ಒಳಗಿಂದಲ್ಲ ಅಂದ್ರೆ ಹೊರಗಿಂದು. ಹೊರಗಿಂದು ಅಂದ್ರೆ, ಐದನೇ ಕಂಬದ ಮೇಲಿನ ರಾಟೆ. ರಾಟೆ ಕೀ ಅಂದ್ರೆ ಬೇರಿಂಗ್ ಒಣಗಿ ಸವೀತಿದೆ. ಬೇರಿಂಗ್ ಹಿಡ್ಕೊಂಡ್ರೆ ರಾಟೆ ನಿಲ್ಲುತ್ತೆ, ರಾಟೆ ನಿಂತ್ರೆ ಹಗ್ಗ ಉಜ್ಜಿ ಉಜ್ಜಿ ಜಾರುತ್ತೆ. ಒಂದೇ ಹಗ್ಗ, ಎರಡು ಡಬ್ಬಿ. ಟೀಚರಮ್ಮ ಮೂರು ವಾರದ ಹಿಂದೇನೇ ಹೇಳಿದ್ದರು. ಗಾಳಿ ಬಿಡಿ ಅಂದವನು ಯಾರು?

ಇಷ್ಟಾದ ಮೇಲೂ ಅವನು ತಕ್ಷಣ ಹೇಳಲಿಲ್ಲ, ಅದೇ ನಿಜ. ಹೋದ ವಾರ ತಾನೇ ಪರೀಕ್ಷೆಯವರು ಬಂದು ಐದೂ ಕಂಬ ನೋಡಿ ಸರಿ ಇದೆ ಅಂತ ಬರ್ದು ಹೋಗಿದ್ದರು. ಅವರು ನೋಡೋದು ಆಮೆ ವೇಗದಲ್ಲಿ, ಆ ವೇಗದಲ್ಲಿ ಯಾವ ರಾಟೆನೂ ಬಾಯಿ ಬಿಡಲ್ಲ. ಈಗ ಇವನು ಇಲ್ಲ ಅಂದ್ರೆ, ಹೇಗಯ್ಯ ಗೊತ್ತಾಯ್ತು ಅಂತಾರೆ. ಮೂರು ವಾರ ಯಾಕೆ ಸುಮ್ನಿದ್ದೆ ಅಂತಾರೆ. ಅದಕ್ಕೆ ಇರೋ ಉತ್ತರ ಒಂದೇ. ಆ ಉತ್ತರ ಹೇಳಿದ ದಿನ ಡಬ್ಬಿ ಹೋಯ್ತು, ಐದನೇ ಕಂಬ ಹೋಯ್ತು, ಮೂರನೇ ಕಂಬ ಹೋಯ್ತು.

ಇಳಿದ. ಹತ್ತಿದ. ಮತ್ತೆ ಇಳಿದ. ಮೂರನೇ ಕಂಬದಲ್ಲಿ ಎರಡನೇ ಡಬ್ಬಿ ಹಾದು ಹೋಯ್ತು, ಕಿಕ್ಕಿರಿದು ತುಂಬಿತ್ತು, ಅವಳು ಜನರ ಮಧ್ಯೆ ನಿಂತು ನೇರ ಮುಂದಕ್ಕೆ ನೋಡ್ತಿದ್ದಳು. ಕೈ ಎತ್ತಲಿಲ್ಲ. ಕೈ ಎತ್ತದ ಆ ಮುಖ ನೋಡಿದ ಮೇಲೆ ಅವನಿಗೆ ತಡ್ಕೊಳ್ಳೋಕೆ ಆಗಲಿಲ್ಲ. ಆ ಡಬ್ಬಿ ಐದನೇ ಕಂಬ ದಾಟೋ ತನಕ ಅವನು ಅದನ್ನೇ ನೋಡ್ತಾ ನಿಂತ. ಮುಂದಿನ ಸಲ ಇವನು ಹತ್ತಿದ, ಮೇಲಿನ ಸ್ಟೇಷನ್ ತಲುಪಿದ, ಜನ ಇಳಿದರು, ಕೆಳಗೆ ಹೋಗೋ ಜನ ಹತ್ತೋಕೆ ಬಂದರು. ಅವನು ಬಾಗಿಲಿಗೆ ಅಡ್ಡ ಕೈ ಇಟ್ಟ. ಫೋನ್ ಎತ್ತಿದ.

"ಎರಡು ಹೊರಟಿ..." ಅಂತಿದ್ದಳು ಅವಳು ಕೆಳಗಿಂದ.

"ಒಂದು ಹೊರಡಲ್ಲ" ಅಂದ ಇವನು.

ಆಮೇಲೆ ಕೆಳಗಿನ ಆಫೀಸಿಂದ ಸೂಪರ್‌ವೈಸರ್ ದನಿ. "ಏನಯ್ಯಾ ಡಬ್ಬಿ, ಏನಾಯ್ತು?"

"ಐದನೇ ಕಂಬದ ರಾಟೆ ಕೂಗ್ತಿದೆ ಸಾರ್. ಬೇರಿಂಗ್ ಹೋಗಿದೆ."

"ಹೋದ ವಾರ ನೋಡಿದ್ರಲ್ಲಯ್ಯ! ನೀನೇನು ಕನಸು ಕಂಡ್ಯಾ? ಜನ ಕಾಯ್ತಿದಾರೆ, ಹೊರಡು ಹೊರಡು."

"ಅವರು ಮೆಲ್ಲಗೆ ಓಡಿಸಿ ನೋಡಿದ್ದು. ಪೂರ್ತಿ ವೇಗಕ್ಕೆ ಮಾತ್ರ ಕೂಗುತ್ತೆ. ಮೂರು ವಾರದಿಂದ ಇದೆ."

"ಮೂರು ವಾರದಿಂದ ಬಾಯಲ್ಲಿ ಏನು ಇಟ್ಕೊಂಡಿದ್ದೆ?"

ಅವನು ಎಂಜಲು ನುಂಗಿದ. ಕಿವಿ ಟುಕ್ ಅಂತು. "ನನ್ನ ಕಿವಿಯದು ಅಂದ್ಕೊಂಡಿದ್ದೆ ಸಾರ್. ನನ್ನ ಎಡಗಿವಿ ಕೀ ಅನ್ನುತ್ತೆ. ಹದಿನಾಲ್ಕು ತಿಂಗಳಿಂದ. ಅದೂ ಇದೂ ಒಂದೇ ಸದ್ದು."

"ಹದಿನಾಲ್ಕು ತಿಂಗಳು." ಸೂಪರ್‌ವೈಸರ್ ದನಿ ಇಳಿಯಿತು. "ದಿನಾ ಬೆಳಗ್ಗೆ ಏನಂತ ಸೈನ್ ಹಾಕ್ತಿದ್ದೆ?"

"ಕಿವಿ ಸರಿ ಅಂತ."

"ಸರಿ. ಈಗ ನೀನೇ ಹೇಳು, ಕಿವಿ ಕೀ ಅನ್ನೋನ ಮಾತು ಕೇಳಿ ನಾನು ಲೈನ್ ನಿಲ್ಲಿಸ್ಲಾ?"

"ಐದನೇ ಕಂಬದಲ್ಲಿ ನನ್ನ ಕಿವಿ ಬಿಡುತ್ತೆ ಸಾರ್. ಅಲ್ಲಿ ನಂದು ಇರಲ್ಲ. ಇಡೀ ದಿನದಲ್ಲಿ ಇಲ್ಲದೇ ಇರೋ ಜಾಗ ಅಂದ್ರೆ ಅದೊಂದೇ, ನನಗೆ ಗೊತ್ತಿರಲ್ವಾ? ಬೆರಳಿಟ್ಟು ನೋಡಿದೆ. ಕಿವಿ ಮುಚ್ಚಿದ್ರೆ ನಂದು ಜೋರಾಗುತ್ತೆ. ಇದು ನಿಲ್ಲುತ್ತೆ. ಹೊರಗಿಂದು ಸಾರ್. ಖಂಡಿತ ಹೊರಗಿಂದು."

ಇಷ್ಟು ಉದ್ದ ಅವನು ಆ ಫೋನಲ್ಲಿ ಯಾವತ್ತೂ ಮಾತಾಡಿರಲಿಲ್ಲ. ಆಮೇಲೆ ಅವಳ ದನಿ ಬಂತು, ಮೆತ್ತಗೆ. "ಎರಡೂ ಹೊರಡಲ್ಲ ಸಾರ್. ಜನಾನ ಇಳಿಸ್ತಿದೀನಿ."

ಮೆಕ್ಯಾನಿಕ್ಕು ಮೇಲಿಂದ ಕಾಲುದಾರಿಯಲ್ಲಿ ಐದನೇ ಕಂಬಕ್ಕೆ ಇಳಿದು ಹೋದ. ಖಾಲಿ ಡಬ್ಬಿಗಳನ್ನ ಪೂರ್ತಿ ವೇಗಕ್ಕೆ ಓಡಿಸಿದರು. ಅವನು ಕಂಬದ ಬುಡದಲ್ಲಿ ನಿಂತು ಕೇಳಿದ, ನಿಲ್ಲಿಸಿದ ಮೇಲೆ ಹತ್ತಿ ನೋಡಿದ, ವಾಕಿಟಾಕಿಯಲ್ಲಿ ಬಂದಿದ್ದು ಇಷ್ಟು: "ಕೈ ಇಡೋಕಾಗಲ್ಲ ಸಾರ್, ಕಾವಲಿ ಆಗಿದೆ. ಒಳಗೆ ಗುಂಡು ಒಂದೂ ಗುಂಡಾಗಿ ಉಳಿದಿಲ್ಲ. ಇವತ್ತು ಸಂಜೆ ತನಕ ತಡೀತಿತ್ತೋ ಇಲ್ವೋ."

ನಾಲ್ಕು ದಿನ ಲೈನ್ ಬಂದ್. ಊರೆಲ್ಲ ಬಸ್ಸಲ್ಲಿ ಸುತ್ತಿ ಸುತ್ತಿ ಹೋಗಿ ವಾಂತಿ ಮಾಡ್ಕೊಂಡು ರೋಪ್‌ವೇನ ಬೈತು. ಡಬ್ಬಿಯಣ್ಣನನ್ನ ಯಾರೂ ಹೊಗಳಲಿಲ್ಲ, ಬೈಯಲೂ ಇಲ್ಲ, ಒಳಗಿನ ವಿಷಯ ಹೊರಗೆ ಯಾರಿಗೆ ಗೊತ್ತು? ಟೀಚರಮ್ಮ ಮಾತ್ರ ಅಂಗಡಿ ಬೀದಿಯಲ್ಲಿ ಹಿಡ್ಕೊಂಡರು. "ಗಾಳಿ ಅಂದ್ರಲ್ಲಾ!"

"ತಪ್ಪಾಯ್ತು ಟೀಚರ್."

"ನೂರು ಸಲ ಬರೀರಿ" ಅಂದು ನಕ್ಕು ಹೋದರು. ಅವನಿಗೆ ನಿಜವಾಗಲೂ ಬರೆಯೋಣ ಅನ್ಸಿತು.

ಐದನೇ ದಿನ ಸೂಪರ್‌ವೈಸರ್ ಕರೆದರು. ಬೈದ್ರೆ ಚೆನ್ನಾಗಿತ್ತು, ಬೈಯಲಿಲ್ಲ. "ಕೆಳಗೆ ಗೇಟು ನೋಡ್ಕೋಪ್ಪ. ರೂಮು ಇರಲಿ, ಅದನ್ನ ಯಾರೂ ಕೇಳಲ್ಲ. ಡಬ್ಬಿ ಆಗಲ್ಲ. ನೀನೇ ನನ್ನ ಜಾಗದಲ್ಲಿದ್ರೂ ಇದನ್ನೇ ಮಾಡ್ತಿದ್ದೆ."

"ಹೂಂ ಸಾರ್." ಮಾಡ್ತಿದ್ದ, ಸುಳ್ಳಲ್ಲ.

ಒಂದನೇ ಡಬ್ಬಿಗೆ ಹೊಸಬ ಬಂದ. ಮುಂಚೆ ಬಸ್ ಕಂಡಕ್ಟರ್ ಆಗಿದ್ದವನು, ಬಾಗಿಲಿಗೆ ಎರಡು ತಟ್ಟಿ "ರೈಟ್" ಅನ್ನೋ ಚಾಳಿ ಇನ್ನೂ ಬಿಟ್ಟಿರಲಿಲ್ಲ. ಇವನು ಅವನಿಗೆ ಎಲ್ಲ ತೋರಿಸಿಕೊಟ್ಟ. ಚಿಲಕ ಎಲ್ಲಿ ಹಿಡ್ಕೊಳ್ಳುತ್ತೆ, ಮಳೆ ಬಂದ್ರೆ ಯಾವ ಮೂಲೆ ಸೋರುತ್ತೆ, ಯಾವ ಅಜ್ಜಿಗೆ ಕೈ ಕೊಟ್ಟು ಹತ್ತಿಸಬೇಕು, ಯಾವ ಅಜ್ಜಿಗೆ ಕೈ ಕೊಟ್ರೆ ಬೈತಾಳೆ. ಮೂರನೇ ಕಂಬದ ವಿಷಯ ಹೇಳಲಿಲ್ಲ.

ಒಂದು ಹೊರಟಿತು. ಅವನನ್ನ ಬಿಟ್ಟು ಹೊರಟಿತು. ಹನ್ನೊಂದು ನಿಮಿಷಕ್ಕೆ ಎರಡು ಬಂದು ನಿಂತಿತು, ಇವನು ಗೇಟು ತೆಗೆದ, ಜನ ಇಳಿದರು. ಕೊನೆಗೆ ಬಾಗಿಲಲ್ಲಿ ಅವಳು. ಗಾಜಿನ ಹಿಂದೆ ಕಂಡಿದ್ದಕ್ಕಿಂತ ಕುಳ್ಳಿ, ತಲೆಯಲ್ಲಿ ಅರ್ಧ ಬೆಳ್ಳಗೆ. ಇಬ್ಬರೂ ಗೇಟಿನ ಚಿಲಕ ನೋಡಿದರು.

ಅವಳು ಏನೋ ಅಂದಳು. ಎಡಗಡೆ ನಿಂತಿದ್ದಳು. ಇವನ ಕಿವಿಯಲ್ಲಿ ಕೀ.

"ಏನಂದ್ರಿ? ಈ ಕಡೆ ಬನ್ನಿ, ಈ ಕಿವಿಗೆ."

ಅವಳು ಸುತ್ತಿ ಬಲಗಡೆಗೆ ಬಂದಳು. "ಮೂಗು ಹಿಡ್ಕೊಳ್ತಿದ್ದಿದ್ದು ಕಿವಿಗಾ ಅಂದೆ."

"ಕಿವಿಗೇ. ಮತ್ತೆ ನೀವೇನಂದ್ಕೊಂಡ್ರಿ?"

"ಒಂಬತ್ತು ವರ್ಷ ಕೈ ಎತ್ತಿದ್ರಿ. ಇದ್ದಕ್ಕಿದ್ದ ಹಾಗೆ ನನ್ನ ಡಬ್ಬಿ ಕಂಡ್ರೆ ಸಾಕು ಮೂಗು ಹಿಡ್ಕೊಂಡು ಕಣ್ಣು ಮುಚ್ಕೊಳ್ಳೋಕೆ ಶುರು ಮಾಡಿದ್ರಿ. ನಾನೇನಂದ್ಕೊಳ್ಳಲಿ? ಯೂನಿಫಾರ್ಮ್ ಎರಡೆರಡು ಸಲ ಒಗೆದೆ ರೀ! ಸೆಂಟು ಬೇರೆ ತಂದೆ."

ಅವನಿಗೆ ನಗು ತಡೆಯೋಕಾಗಲಿಲ್ಲ. ಅವಳೂ ನಕ್ಕಳು, ನಕ್ಕ ಮೇಲೆ ಕಣ್ಣು ಒರೆಸ್ಕೊಂಡಳು. ಅವಳ ಮೂಗಿನ ಪಕ್ಕ ಒಂದು ಮಚ್ಚೆ ಇತ್ತು. ಒಂಬತ್ತು ವರ್ಷ ಅದು ಗಾಜಿನ ಮೇಲಿನ ಕೊಳೆ ಅಂದ್ಕೊಂಡಿದ್ದ.

"ಇನ್ಮೇಲೆ ಅಲ್ಲಿ..." ಅಂತ ಏನೋ ಶುರು ಮಾಡಿದಳು ಅವಳು, ಅಷ್ಟರಲ್ಲಿ ಫೋರ್‌ಮನ್ನು, ನರ್ಸುಗಳು, ತರಕಾರಿ ಬುಟ್ಟಿ, ಎಲ್ಲ ಒಟ್ಟಿಗೆ ಗೇಟಿಗೆ ನುಗ್ಗಿದವು. ಡಬ್ಬಿ ನಿಲ್ಲೋದು ನಾಲ್ಕೇ ನಿಮಿಷ, ಅದರಲ್ಲಿ ಮೂರು ಜನರಿಗೇ ಬೇಕು. ಅವಳು ಒಳಗೆ ಹೋಗಿ ಬಾಗಿಲು ಎಳೆದಳು, ಚಿಲಕ ಎರಡು ಸಲ ಅಲ್ಲಾಡಿಸಿದಳು, ಫೋನ್ ಎತ್ತಿದಳು. ಗಾಜಿನ ಆಚೆ ತುಟಿ ಆಡೋದು ಕಾಣಿಸ್ತು. ಗೇಟಿನವನಿಗೆ ಫೋನ್ ಇಲ್ಲ.

ಆ ಅರ್ಧ ಮಾತು ಅವನ ಹತ್ತಿರ ಉಳೀತು, ಉಳಿದ ಅರ್ಧ ಕತೆಗಳ ಜೊತೆಗೆ. ಅವನು ಗೇಟು ಹಾಕಿ ಕಟ್ಟೆ ಮೇಲೆ ನಿಂತು ಡಬ್ಬಿ ಹೋಗೋದನ್ನ ನೋಡಿದ. ಮೊದಲನೇ ಕಂಬ. ಎರಡನೇ ಕಂಬ. ಐದೂವರೆ ನಿಮಿಷಕ್ಕೆ ಎರಡು ಚುಕ್ಕಿ ಒಂದಾಗಿ ಮತ್ತೆ ಬೇರೆಯಾದವು. ಇಷ್ಟು ದೂರದಿಂದ ಯಾರು ಕೈ ಎತ್ತಿದರು, ಯಾರು ಎತ್ತಲಿಲ್ಲ, ಏನು ಗೊತ್ತಾಗುತ್ತೆ? ಅವನು ಎತ್ತಿದ. ಟಿಕೆಟ್ ಕೊಡೋನು ಕಿಟಕಿಯಿಂದ, ಯಾರಿಗಪ್ಪ ಅಂತ ಇಣುಕಿ ನೋಡಿದ.

ಕೈ ಇಳಿಸಿದ. ನಾಲ್ಕನೇ ಕಂಬ. ಕಿವಿಯಲ್ಲಿ ಕೀ ಒಂದೇ ಸಮ. ಚುಕ್ಕಿ ಐದನೇ ಕಂಬ ಮುಟ್ಟಿದಾಗ ಅವನು ನಿಂತಲ್ಲೇ ಒಂದು ಸಲ ಎಂಜಲು ನುಂಗಿದ. ಏನೂ ಆಗಲಿಲ್ಲ. ಇನ್ನೊಂದು ಸಲ ನುಂಗಿದ.